ಕಾಪುವಿನಿಂದ ಕೋಡಿ ಬೆಂಗ್ರೆಗೆ: ರಾತ್ರಿ ಕಡಲ ಬದಿಯಲ್ಲಿ ಗುಂಪಾಗಿ ಓಡುವವರಿಗೆ

ಹುಣ್ಣಿಮೆ ರಾತ್ರಿ ಕಡಲ ಬದಿಯಲ್ಲಿ ಓಡಬೇಕು ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ: ಎಷ್ಟು ಗಂಟೆಗೆ ಶುರು? "ರಾತ್ರಿ ಊಟ ಮುಗಿಸಿ ಹತ್ತಕ್ಕೆ" ಎಂದರೆ ಉಬ್ಬರ ಇಳಿತದ ವೇಳಾಪಟ್ಟಿ ನೋಡಿಲ್ಲ ಎಂದು ಗೊತ್ತಾಗುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯ ಹೊತ್ತಿಗೆ ಉಬ್ಬರ ತುಂಬುವುದು ಹೆಚ್ಚುಕಡಿಮೆ ರಾತ್ರಿ ಹನ್ನೊಂದು, ಹನ್ನೆರಡರ ಆಸುಪಾಸಿನಲ್ಲಿ. ಅಂದರೆ ಬೆಳದಿಂಗಳು ನೆತ್ತಿಯ ಮೇಲೆ ಇರುವ ಹೊತ್ತಿಗೇ ಓಡಲು ಆಗುವ ಗಟ್ಟಿ ಮರಳೆಲ್ಲ ನೀರಿನ ಅಡಿಯಲ್ಲಿ. ಉಳಿಯುವುದು ಮೇಲಿನ ಸಡಿಲ ಮರಳು. ಅದೂ ಇಲ್ಲದ ಕಡೆ ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ರಾಶಿ. ಫೋಟೋಕ್ಕೆ ಚಂದ, ಕಾಲಿಗೆ ಅಲ್ಲ.

ನಾನು ಉಡುಪಿಯಲ್ಲಿ ಮೆಡಿಕಲ್ ಶಾಪ್ ನೋಡಿಕೊಳ್ಳುವವಳು. ನಮ್ಮದು ಸಣ್ಣ ಗುಂಪು. ಇಬ್ಬರು ಶಾಲೆಯ ಟೀಚರುಗಳು, ಒಬ್ಬ ಬ್ಯಾಂಕಿನವ, ಮೀನಿನ ವ್ಯಾಪಾರದ ಲೆಕ್ಕ ಬರೆಯುವ ಒಬ್ಬರು ಅಣ್ಣ, ನಾನು, ನನ್ನ ತಂಗಿ. ಹಿಂದಿನಿಂದ ಓಮ್ನಿ ತರುವುದು ತಂಗಿಯ ಗಂಡ, ನಮಗೆಲ್ಲ ಭಾವ. ಯಾರೂ ಪದಕ ಗೆದ್ದವರಲ್ಲ. ಚಳಿಗಾಲದಲ್ಲಿ ಈ ದಾರಿಯಲ್ಲಿ ಓಡುತ್ತೇವೆ, ಅಷ್ಟೆ. ಹೊಸಬರು ಅಂಗಡಿಗೆ ಬಂದು ಶೂ ಯಾವುದು, ಲೈಟ್ ಯಾವುದು ಎಂದು ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ್ದು ಬೇರೆಯೇ ಉಂಟು. ಹಾಗಾಗಿ ಇದನ್ನು ಬರೆದಿಟ್ಟಿದ್ದೇನೆ.

ಮೊದಲು ಕಡಲಿನ ಗಂಟೆ

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆಯ ಮೇಲೆ ಸ್ವಲ್ಪ. ಪ್ರತಿದಿನ ಇದು ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಇಷ್ಟು ಗೊತ್ತಿದ್ದರೆ ಪಂಚಾಂಗ ಹಿಡಿದೇ ಅಂದಾಜು ಮಾಡಬಹುದು. ಹುಣ್ಣಿಮೆಯ ದಿನ ನಡುರಾತ್ರಿಯ ಹತ್ತಿರ ಉಬ್ಬರವಾದರೆ ಇಳಿತ ಬೆಳಗಿನ ಐದೂವರೆಯ ಆಸುಪಾಸು. ಎರಡು ದಿನ ಮೊದಲು, ಅಂದರೆ ತ್ರಯೋದಶಿಯ ರಾತ್ರಿ, ಅದೇ ಇಳಿತ ನಾಲ್ಕರ ಹತ್ತಿರ ಬರುತ್ತದೆ. ಬೆಳದಿಂಗಳು ಅವತ್ತೂ ಬೇಕಾದಷ್ಟು ಇರುತ್ತದೆ. ಚಂದ್ರ ಕಡಲಿಗೆ ಇಳಿಯುವುದು ಬೆಳಗಿನ ಜಾವಕ್ಕೆ. ಅದಕ್ಕೆ ನನ್ನ ಆಯ್ಕೆ ಯಾವಾಗಲೂ ಹುಣ್ಣಿಮೆಗೆ ಒಂದೆರಡು ದಿನ ಮೊದಲು. ಜನರೂ ಕಡಿಮೆ.

ಅಂದಾಜು ಅಂದಾಜೇ. ದಿನ ಗೊತ್ತು ಮಾಡುವ ಮೊದಲು ಸರಿಯಾದ ವೇಳಾಪಟ್ಟಿ ನೋಡಬೇಕು. ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಉಬ್ಬರ ಇಳಿತದ ಪಟ್ಟಿ ಹೊರತರುತ್ತದೆ, ಫೋನಿನ ಆ್ಯಪುಗಳಲ್ಲೂ ಸಿಗುತ್ತದೆ. ನವಮಂಗಳೂರು ಅಥವಾ ಮಲ್ಪೆ ಎಂದು ಹುಡುಕಿದರೆ ಸಾಕು. ಒಂದು ವಿಷಯ ಗಮನಿಸಿ. ದಿನದ ಎರಡು ಇಳಿತಗಳು ಒಂದೇ ಸಮ ಇರುವುದಿಲ್ಲ. ಒಂದರಲ್ಲಿ ನೀರು ತುಂಬ ಹಿಂದೆ ಹೋಗುತ್ತದೆ, ಇನ್ನೊಂದರಲ್ಲಿ ಅಷ್ಟಿಲ್ಲ. ಗಂಟೆ ಮಾತ್ರ ನೋಡದೆ ಎತ್ತರದ ಅಂಕಿಯನ್ನೂ ನೋಡಿ. ಅಷ್ಟಮಿಯ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ಅಂತರ ಸಣ್ಣದು, ಆಗ ಗಂಟೆಯ ತಲೆಬಿಸಿ ಕಡಿಮೆ. ಆದರೆ ಬೆಳಕು ಅರ್ಧ ರಾತ್ರಿ ಮಾತ್ರ.

ಇದರ ಜೊತೆಗೆ ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆಗಳ ಮುನ್ಸೂಚನೆ. ಆಕಾಶ ನಿರ್ಮಲ, ಗಾಳಿ ಇಲ್ಲ, ಆದರೂ ದೊಡ್ಡ ಅಲೆ ಬರುವ ದಿನಗಳಿವೆ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಬಿರುಗಾಳಿ ಎದ್ದರೆ ಅದರ ಉದ್ದ ಅಲೆಗಳು ಕೆಲವು ದಿನ ಬಿಟ್ಟು ನಮ್ಮ ದಡಕ್ಕೆ ಬರುತ್ತವೆ. ಕೇರಳದವರು ಇದನ್ನು ಕಲ್ಲಕ್ಕಡಲ್ ಎನ್ನುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಇದರ ಎಚ್ಚರಿಕೆ ಜಾಸ್ತಿ ಬರುತ್ತದೆ. ಎಚ್ಚರಿಕೆ ಇದ್ದರೆ ಓಟ ಇಲ್ಲ. ನಮ್ಮ ಗುಂಪಿನಲ್ಲಿ ಇದಕ್ಕೆ ಚರ್ಚೆ ಮಾಡುವ ಕ್ರಮವೇ ಇಲ್ಲ.

ತಿಂಗಳು? ನವೆಂಬರ್ ಕೊನೆಯಿಂದ ಫೆಬ್ರವರಿ. ಮಾರ್ಚ್ ನಂತರ ರಾತ್ರಿಯೂ ಸೆಕೆ. ಜೂನ್ ಬಂತೆಂದರೆ ಕಡಲಿನ ಕಡೆ ಮುಖ ಹಾಕುವುದೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳೇ ಕಡಲಿಗೆ ಇಳಿಯುವಂತಿಲ್ಲ, ನಾವು ಯಾವ ಲೆಕ್ಕ ಅಲ್ವಾ?

ದಾರಿ

ಕಾಪು ದೀಪಸ್ತಂಭದಿಂದ ಉತ್ತರಕ್ಕೆ ಹೊರಟು, ಕೈಪುಂಜಾಲು, ಮಟ್ಟು, ಪಡುಕೆರೆ ದಾಟಿ ಮಲ್ಪೆ. ಮಲ್ಪೆಯಿಂದ ವಡಭಾಂಡೇಶ್ವರ, ತೊಟ್ಟಂ, ಹೂಡೆ, ಕೊನೆಗೆ ಕೋಡಿ ಬೆಂಗ್ರೆ. ಎಲ್ಲ ಸೇರಿ ಮೂವತ್ತು ಕಿಲೋಮೀಟರಿನ ಆಸುಪಾಸು. ಎಲ್ಲಿ ರಸ್ತೆ, ಎಲ್ಲಿ ಮರಳು ಎನ್ನುವುದರ ಮೇಲೆ ಒಂದೆರಡು ಕಿಲೋಮೀಟರ್ ಹೆಚ್ಚುಕಡಿಮೆ ಆಗುತ್ತದೆ. ಮ್ಯಾರಥಾನಿನ ಹತ್ತಿರದ ದೂರ ಬೇಕು ಎನ್ನುವವರು ಪಡುಬಿದ್ರಿಯಿಂದ ಎರ್ಮಾಳು, ಉಚ್ಚಿಲದ ಮೂಲಕ ಬರಬಹುದು. ಆ ಭಾಗದಲ್ಲಿ ತಡೆಗೋಡೆಯ ಕಲ್ಲು ಜಾಸ್ತಿ. ಮೊದಲ ಸಲಕ್ಕೆ ಬೇಡ.

ಈ ದಾರಿಯ ದೊಡ್ಡ ಗುಣ ಎಂದರೆ ಅಳಿವೆ ಬಾಗಿಲು, ಅಂದರೆ ಹೊಳೆ ಕಡಲು ಸೇರುವ ಬಾಯಿ, ದಾಟುವ ಕೆಲಸ ಇಲ್ಲ. ಉದ್ಯಾವರ ಹೊಳೆ ಕಡಲಿಗೆ ಸಮನಾಗಿ ಉತ್ತರಕ್ಕೆ ಹರಿದು ಮಲ್ಪೆಯಲ್ಲಿ ಕಡಲು ಸೇರುತ್ತದೆ, ಅಲ್ಲಿ ಪಡುಕೆರೆ ಸೇತುವೆ ಉಂಟು. ಕೊನೆಯಲ್ಲಿ ಸ್ವರ್ಣಾ, ಸೀತಾ ಎರಡೂ ಹೊಳೆಗಳು ಕಡಲಿಗೆ ಸೇರುವ ಕಡೆ ಬೆಂಗ್ರೆಯ ನೆಲವೇ ಮುಗಿಯುತ್ತದೆ. ಅಲ್ಲಿ ನಾವೂ ಮುಗಿಸುತ್ತೇವೆ. ಯಾವ ಅಳಿವೆಯನ್ನೂ ಕಾಲ್ನಡಿಗೆಯಲ್ಲಿ ದಾಟಲು ನೋಡಬೇಡಿ. "ಮೊಣಕಾಲುದ್ದ ನೀರು ಮಾರಾಯ್ರೆ" ಎಂದು ಯಾರು ಹೇಳಿದರೂ ಸರಿ. ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲ ಆ ಸಣ್ಣ ಬಾಯಿಯಲ್ಲಿ ಕಡಲಿಗೆ ಎಳೆಯುತ್ತದೆ. ಕಾಲಡಿಯ ಮರಳು ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಮಂಗಳೂರಿನವರು ಸುರತ್ಕಲ್ ದೀಪಸ್ತಂಭದಿಂದ ಮುಕ್ಕ ದಾಟಿ ಸಸಿಹಿತ್ಲುವರೆಗೆ ಓಡಿ ಅಭ್ಯಾಸ ಮಾಡಬಹುದು. ಅಲ್ಲೂ ನಂದಿನಿ, ಶಾಂಭವಿ ಹೊಳೆಗಳು ಸೇರುವ ಜಾಗ ಬಂದ ಕೂಡಲೇ ಹಿಂದಿರುಗಬೇಕು.

ಓಟದ ಮೊದಲು ಇಡೀ ದಾರಿಯನ್ನು ಹಗಲಿನಲ್ಲಿ ಸ್ಕೂಟರಿನಲ್ಲಿ ನೋಡಿಕೊಂಡು ಬನ್ನಿ. ಎಲ್ಲಿ ರಸ್ತೆಯಿಂದ ಮರಳಿಗೆ ಇಳಿಯಬಹುದು, ಎಲ್ಲಿಂದ ಮೇಲೆ ಬರಬಹುದು ಎಂದು ಫೋನಿನಲ್ಲಿ ಗುರುತು ಹಾಕಿ. ರಾತ್ರಿ ಒಂದೊಂದು ತೆಂಗಿನ ತೋಟವೂ ಒಂದೇ ರೀತಿ ಕಾಣುತ್ತದೆ. ಓಟ ಬಿಡಬೇಕಾದವರಿಗೆ ಮಟ್ಟು ಸೇತುವೆ ದಾಟಿದರೆ ಕಟಪಾಡಿ, ಹೆದ್ದಾರಿ 66. ಆಮೇಲೆ ಪಡುಕೆರೆ ಸೇತುವೆ, ಮಲ್ಪೆ. ಮಟ್ಟುವಿನಿಂದ ಮಲ್ಪೆಯವರೆಗೆ ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಅಗಲವಿಲ್ಲದ ನೆಲ. ಅಲ್ಲಿ ಕಾಲು ಉಳುಕಿದರೆ ಓಮ್ನಿ ಎಲ್ಲಿಂದ ಬರಬೇಕು ಎಂದು ಮೊದಲೇ ಭಾವನಿಗೆ ಗೊತ್ತಿರಬೇಕು.

ನಮ್ಮ ಲೆಕ್ಕ ಹೀಗೆ. ಇಳಿತ ನಾಲ್ಕೂವರೆಗೆ ಎಂದು ಇಟ್ಟುಕೊಳ್ಳಿ. ಹನ್ನೆರಡೂವರೆಗೆ ಕಾಪು ಬಿಡುತ್ತೇವೆ. ನೀರು ಆಗ ಇಳಿಯಲು ಶುರುವಾಗಿದ್ದರೂ ಇನ್ನೂ ಮೇಲೆಯೇ ಇರುತ್ತದೆ. ಹಾಗಾಗಿ ಮಟ್ಟುವರೆಗೆ ಊರೊಳಗಿನ ರಸ್ತೆಯೇ. ಮೈ ಬಿಸಿಯಾಗಲು ಅದೇ ಒಳ್ಳೆಯದು. ಮಟ್ಟುಗುಳ್ಳ ಬದನೆಯ ಗದ್ದೆಗಳು ಬರುವ ಹೊತ್ತಿಗೆ ಒಂದೂಕಾಲು, ಒಂದೂವರೆ. ಅಲ್ಲಿಂದ ಪಡುಕೆರೆಯಲ್ಲಿ ಸ್ವಲ್ಪ ಮರಳು, ಕಲ್ಲು ಬಂದ ಕಡೆ ಮತ್ತೆ ರಸ್ತೆ. ಮೂರೂವರೆಯ ಒಳಗೆ ಮಲ್ಪೆ. ನಾಲ್ಕಕ್ಕೆ ಮಲ್ಪೆ ಬಿಟ್ಟರೆ ಮುಂದಿನ ದಾರಿಗೆಲ್ಲ ಅಗಲ ಮರಳು. ಡಾಂಬರಿನಷ್ಟೇ ಗಟ್ಟಿ. ಆರೂವರೆ, ಏಳಕ್ಕೆ ಬೆಂಗ್ರೆ. ಕಷ್ಟದ ದಾರಿ ಮೊದಲು ಮುಗಿಸಿ ಸುಲಭದ್ದನ್ನು ಸುಸ್ತಾದ ಕಾಲಿಗೆ ಇಟ್ಟುಕೊಳ್ಳುವುದು ಈ ಲೆಕ್ಕದ ಗುಟ್ಟು. ಉಲ್ಟಾ ಓಡಿದವರನ್ನು ಕಂಡಿದ್ದೇನೆ. ಕಾಪು ತಲುಪುವ ಹೊತ್ತಿಗೆ ಅವರಲ್ಲಿ ಮಾತೇ ಇರಲಿಲ್ಲ.

ಮರಳು

ಒದ್ದೆಯಾಗಿ, ಹೊಳಪು ಹೋಗಿ, ಹೆಜ್ಜೆ ಇಟ್ಟರೆ ಅಚ್ಚು ಮಾತ್ರ ಮೂಡುವ ಮರಳು ಓಡಲು ಒಳ್ಳೆಯದು. ಕನ್ನಡಿಯಂತೆ ಹೊಳೆಯುತ್ತಿದ್ದರೆ ಅದರಲ್ಲಿ ಇನ್ನೂ ನೀರು ತುಂಬಿದೆ, ಕಾಲು ಹೂತುಹೋಗುತ್ತದೆ. ಇಳಿತದ ಮೊದಲಿನ ಎರಡು ಗಂಟೆ, ನಂತರದ ಒಂದೂವರೆ ಗಂಟೆ ಚಿನ್ನದಂಥ ಹೊತ್ತು.

ಇನ್ನೊಂದು ತಾಪತ್ರಯ ದಡದ ಇಳಿಜಾರು. ಉತ್ತರಕ್ಕೆ ಓಡುವಾಗ ಕಡಲು ಎಡಕ್ಕೆ, ಹಾಗಾಗಿ ಎಡಗಾಲು ಯಾವಾಗಲೂ ತಗ್ಗಿನಲ್ಲಿ. ಐದಾರು ಕಿಲೋಮೀಟರ್ ಗೊತ್ತಾಗುವುದಿಲ್ಲ. ಆಮೇಲೆ ಮೊಣಕಾಲಿನ ಹೊರಬದಿಯಲ್ಲಿ ಸೂಜಿ ಚುಚ್ಚಿದ ಹಾಗೆ ನೋವು ಶುರುವಾಗುತ್ತದೆ. ಮರಳು ಎಷ್ಟೇ ಚೆನ್ನಾಗಿದ್ದರೂ ಸ್ವಲ್ಪ ದೂರಕ್ಕೊಮ್ಮೆ ರಸ್ತೆಗೆ ಬನ್ನಿ, ಇಲ್ಲವೇ ಹತ್ತು ನಿಮಿಷ ಮೇಲಿನ ಸಮತಟ್ಟಾದ ಒಣ ಮರಳಿನಲ್ಲಿ ನಡೆಯಿರಿ. ರಸ್ತೆಯಲ್ಲಿ ಒಂದು ಕಿಲೋಮೀಟರಿಗೆ ಏಳು ನಿಮಿಷ ತೆಗೆದುಕೊಳ್ಳುವವರು ಮರಳಿನಲ್ಲಿ ಎಂಟೂವರೆ, ಒಂಬತ್ತು ಎಂದು ಲೆಕ್ಕ ಹಾಕಲಿ. ವಾಚ್ ನೋಡಿ ಬೇಸರ ಪಡುವುದು ಬೇಡ.

ಬರಿಗಾಲಿನ ಓಟ ಹಗಲಿಗೆ. ರಾತ್ರಿ ಬಾಟಲಿ ಚೂರು, ಮೀನಿನ ಮುಳ್ಳು, ದಡಕ್ಕೆ ಬಿದ್ದ ಜೆಲ್ಲಿಮೀನು ಯಾವುದೂ ಕಾಣುವುದಿಲ್ಲ. ಸತ್ತ ಜೆಲ್ಲಿಮೀನು ಕೂಡ ಉರಿ ಹತ್ತಿಸುತ್ತದೆ. ಶೂ ಒಳಗೆ ಮರಳು ಹೋಗಿಯೇ ಹೋಗುತ್ತದೆ. ಹಳೆಯ ಸಾಕ್ಸಿನ ಬೆರಳಿನ ಭಾಗ ಕತ್ತರಿಸಿ, ಉಳಿದದ್ದನ್ನು ಕಣಕಾಲಿನಿಂದ ಶೂ ಬಾಯಿಯವರೆಗೆ ಎಳೆದುಕೊಂಡರೆ ಅರ್ಧ ಕಡಿಮೆಯಾಗುತ್ತದೆ. ನಿಂತ ಕಡೆಯೆಲ್ಲ ಶೂ ಬಿಚ್ಚಿ ಕೊಡವಿ. ಮಲ್ಪೆಯಲ್ಲಿ ಸಾಕ್ಸ್ ಬದಲಿಸಿ, ಕಾಲು ಒರೆಸಿ, ಬೆರಳುಗಳ ನಡುವೆ ವ್ಯಾಸಲೀನ್ ಹಚ್ಚಿ. ತೊಡೆ ಸಂದಿ, ಕಂಕುಳಿಗೂ ಅದೇ. ತೆಂಗಿನೆಣ್ಣೆ ಸಾಕಲ್ವಾ ಎಂದು ಕೇಳುತ್ತಾರೆ. ನಮ್ಮ ಬೆವರಿಗೆ ಅದು ಬೇಗ ತೊಳೆದುಹೋಗುತ್ತದೆ.

ತಡೆಗೋಡೆಯ ಕಲ್ಲು ಹತ್ತಿ ಇಳಿಯುವ ಸಾಹಸ ಬೇಡ. ಪಾಚಿ ಕಟ್ಟಿದ ಕಲ್ಲು, ನಡುವೆ ಕಾಲು ಸಿಕ್ಕುವ ಸಂದು. ಸುತ್ತಿಕೊಂಡು ರಸ್ತೆಗೆ ಹೋಗಿ.

ಬೆಳಕು, ಹಗ್ಗ, ಆಮೆ

ಹೆಡ್‌ಲ್ಯಾಂಪ್ ಎಲ್ಲರಿಗೂ ಬೇಕು, ಬೆಳದಿಂಗಳು ಇದ್ದರೂ. ಇನ್ನೂರು ಲ್ಯೂಮೆನ್ ಸಾಕಾಗುತ್ತದೆ. ಹಣೆಯ ಮೇಲಿನ ಬೆಳಕಿನಲ್ಲಿ ನೆಲ ಚಪ್ಪಟೆಯಾಗಿ ಕಾಣುತ್ತದೆ, ಹೊಂಡ ಗೊತ್ತಾಗುವುದಿಲ್ಲ. ಒಂದಿಬ್ಬರು ಸೊಂಟಕ್ಕೆ ಕಟ್ಟಿಕೊಳ್ಳಿ. ಬೆಳಕು ತಗ್ಗಿನಿಂದ ಬಿದ್ದರೆ ಸಣ್ಣ ಗುಂಡಿಗೂ ನೆರಳು ಬೀಳುತ್ತದೆ. ಮುಂದೆ ಓಡುವವರಿಗೆ ಇದು ಮುಖ್ಯ, ಯಾಕೆಂದರೆ ದಡದಲ್ಲಿ ಹಗ್ಗಗಳಿರುತ್ತವೆ. ದೋಣಿ ಕಟ್ಟಿದ ಹಗ್ಗ, ಕೈರಂಪಣಿ ಬಲೆಯ ಹಗ್ಗ, ಒಣಗಲು ಹಾಕಿದ ಬಲೆ. ದೋಣಿಗಳ ಸಾಲು ಕಂಡರೆ ಓಟ ನಿಲ್ಲಿಸಿ, ದೋಣಿಯ ಕಡಲಿನ ಬದಿಗೆ ಹೋಗದೆ ಹಿಂದಿನಿಂದ ನಡೆದು ದಾಟಿ. ಬಲೆಯ ಮೇಲೆ ಕಾಲಿಡಬೇಡಿ. ಅದು ಯಾರದೋ ಹೊಟ್ಟೆಪಾಡು, ಮೇಲಾಗಿ ಶೂ ಕೂಡ ಸಿಕ್ಕಿಬೀಳುತ್ತದೆ.

ಚಳಿಗಾಲದಲ್ಲಿ ಕಡಲಾಮೆಗಳು, ಆಲಿವ್ ರಿಡ್ಲೆ ಜಾತಿಯವು, ನಮ್ಮ ದಡಗಳಿಗೆ ಮೊಟ್ಟೆ ಇಡಲು ರಾತ್ರಿ ಬರುತ್ತವೆ. ಕಾಣುವುದು ಅಪರೂಪ. ಟ್ರ್ಯಾಕ್ಟರ್ ಟಯರಿನ ಗುರುತಿನಂತೆ ನೀರಿನಿಂದ ಮೇಲಕ್ಕೆ ಹೋದ ಜಾಡು ಕಂಡರೆ ಬಿಳಿ ಬೆಳಕು ಆರಿಸಿ, ದೂರದಿಂದ ಸುತ್ತು ಹಾಕಿ. ಫ್ಲ್ಯಾಶ್ ಹಾಕಿ ಫೋಟೋ ತೆಗೆದರೆ ಆಮೆ ಮೊಟ್ಟೆ ಇಡದೆ ವಾಪಸ್ ಹೋಗಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿರುವ ಜೀವಿ ಅದು. ಮೊಟ್ಟೆ ಇದ್ದ ಜಾಗ ಕಂಡರೆ ಮುಟ್ಟದೆ ಅರಣ್ಯ ಇಲಾಖೆಗೆ ತಿಳಿಸಿ.

ಕೆಲವು ವರ್ಷ ಅಲೆ ಒಡೆಯುವಲ್ಲಿ ನೀಲಿ ಹೊಳಪು ಕಾಣುತ್ತದೆ. ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಬೆಳಕು. ಅವತ್ತು ಗಂಟೆಯ ಲೆಕ್ಕವೆಲ್ಲ ತಪ್ಪುತ್ತದೆ, ಟೀಚರುಗಳಿಬ್ಬರೂ ಅಲ್ಲೇ ಕೂತುಬಿಡುತ್ತಾರೆ. ಇರಲಿ, ಹದಿನೈದು ನಿಮಿಷ ಕೊಡಿ.

ಗುಂಪು

ಆರರಿಂದ ಎಂಟು ಜನ ಸರಿ. ಹತ್ತು ದಾಟಿದರೆ ಅದು ಮೆರವಣಿಗೆ. ಜೋಡಿ ಜೋಡಿ ಮಾಡಿ, ಜೋಡಿ ಬಿಟ್ಟು ಯಾರೂ ಎಲ್ಲಿಗೂ ಹೋಗುವಂತಿಲ್ಲ, ಮೂತ್ರಕ್ಕೆ ಕೂಡ. ಹೆಂಗಸರ ಜೋಡಿಗೆ ಓಮ್ನಿ ನಿಲ್ಲುವ ಜಾಗಗಳಲ್ಲಿ ಶೌಚಾಲಯದ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ದಾರಿಯಲ್ಲಿ ಪರಿಚಯದ ಒಂದು ಮನೆ ಇದ್ದರೆ ಮುಂಚೆಯೇ ಹೇಳಿಡಿ. ನಾಚಿಕೆಯಿಂದ ನೀರು ಕುಡಿಯದೆ ಓಡುವ ಹೆಂಗಸರು ಎಷ್ಟೋ ಮಂದಿ. ಆರು ಗಂಟೆಯ ಓಟಕ್ಕೆ ಅದು ಅಪಾಯ.

ವೇಗ ನಿರ್ಧರಿಸುವುದು ಗುಂಪಿನ ಅತ್ಯಂತ ನಿಧಾನದವರು. ಅವರನ್ನು ಮುಂದಿನ ಸಾಲಿನಲ್ಲಿ ಹಾಕಿ, ಹಿಂದೆ ಅಲ್ಲ. ಹಿಂದೆ ಹಾಕಿದರೆ ಪಾಪ ಅವರು ಇಡೀ ರಾತ್ರಿ ಬೆನ್ನಟ್ಟುತ್ತಲೇ ಇರುತ್ತಾರೆ. ಮುಂದಿದ್ದವರು ನಿಂತು ವಿಶ್ರಾಂತಿ ಪಡೆದು, ಇವರು ಬಂದ ಕೂಡಲೇ ಹೊರಡುವುದು ದೊಡ್ಡ ಅನ್ಯಾಯ. ಕೊನೆಗೆ ಅನುಭವಿ ಒಬ್ಬರು ಇರಲಿ. ನಮ್ಮಲ್ಲಿ ಲೆಕ್ಕದ ಅಣ್ಣ. ಅವರ ಬೆನ್ನಿನಲ್ಲಿ ಕೆಂಪು ಲೈಟು. ಅವರಿಗಿಂತ ಹಿಂದೆ ಯಾರೂ ಇಲ್ಲ ಎಂದರೆ ಎಲ್ಲರೂ ಇದ್ದಾರೆ ಎಂದು ಅರ್ಥ. ಅರ್ಧ ಗಂಟೆಗೊಮ್ಮೆ ತಲೆ ಎಣಿಕೆ.

ರಸ್ತೆಯಲ್ಲಿ ಬಲಬದಿಗೆ, ಎದುರು ಬರುವ ಗಾಡಿ ಕಾಣುವ ಹಾಗೆ ಓಡಬೇಕು. ಪ್ರತಿಫಲಕ ಪಟ್ಟಿ ಇರುವ ಜಾಕೆಟ್ ಬೇಕೇ ಬೇಕು. ಇಯರ್‌ಫೋನ್ ಮಾತ್ರ ಬೇಡ.

ಹೊರಡುವ ದಿನ ಹತ್ತಿರದ ಪೊಲೀಸ್ ಠಾಣೆಗೂ ಮಲ್ಪೆಯ ಕರಾವಳಿ ಕಾವಲು ಪೊಲೀಸರಿಗೂ ಹೆಸರು, ಫೋನ್ ನಂಬರ್, ದಾರಿ ಬರೆದು ಕೊಡಿ. ರಾತ್ರಿ ಮೂರಕ್ಕೆ ತಲೆಗೆ ಲೈಟ್ ಕಟ್ಟಿಕೊಂಡು ಗುಂಪಾಗಿ ಓಡುವವರನ್ನು ಊರವರು ಕಳ್ಳರು ಎಂದೇ ತಿಳಿಯುತ್ತಾರೆ. ಅದು ಅವರ ತಪ್ಪೂ ಅಲ್ಲ. ಯಾರಾದರೂ ಜಗಲಿಯಿಂದ ಟಾರ್ಚ್ ಹಾಕಿದರೆ ನಿಂತು ಮಾತಾಡಿಸಿ. ತುಳು ಬಂದರೆ ಇನ್ನೂ ಒಳ್ಳೆಯದು. ಪಡುಕೆರೆಯಲ್ಲಿ ಒಬ್ಬರು ಅಜ್ಜಿ "ದಾಯೆ ಬಲಿಪುನಿ ಮಾರಾಯ್ರೆ?" ಎಂದು ಕೇಳಿದರು. ಯಾಕೆ ಓಡುವುದು ಎಂದು. ನಮ್ಮಲ್ಲಿ ಯಾರಿಗೂ ಸರಿಯಾದ ಉತ್ತರ ಹೊಳೆಯಲಿಲ್ಲ. ನೀರು ಮಾತ್ರ ಕೊಟ್ಟರು. ತುರ್ತಿಗೆ 112, ಆಂಬುಲೆನ್ಸಿಗೆ 108. ಎರಡನ್ನೂ ಎಲ್ಲರೂ ಫೋನಿನಲ್ಲಿ ಇಟ್ಟುಕೊಳ್ಳಿ.

ನಾಯಿ

ಇದಕ್ಕೆ ಬೇರೆಯೇ ಜಾಗ ಕೊಡಬೇಕು. ಈ ದಾರಿಯಲ್ಲಿ ನನಗೆ ಕಡಲಿಗಿಂತ ಹೆದರಿಕೆ ನಾಯಿಗಳದ್ದು. ಮೀನು ಇರುವಲ್ಲಿ ನಾಯಿ ಇದ್ದೇ ಇರುತ್ತದೆ. ರಾತ್ರಿ ಅವು ಗುಂಪು ಕಟ್ಟುತ್ತವೆ. ಬೊಗಳಿದ ಕೂಡಲೇ ಓಟ ನಿಲ್ಲಿಸಿ. ಎಲ್ಲರೂ ಒಟ್ಟಾಗಿ, ಕಣ್ಣಿಗೆ ನೇರ ಬೆಳಕು ಹಾಕದೆ, ನಿಧಾನ ನಡೆದು ಅವುಗಳ ಜಾಗ ದಾಟಿ. ಓಡಿದರೆ ಅಟ್ಟಿಸಿಕೊಂಡು ಬರುತ್ತವೆ. ಕೈಯಲ್ಲಿ ಒಂದು ಕೋಲು ಇರಲಿ, ಹೊಡೆಯಲಿಕ್ಕಲ್ಲ, ಸುಮ್ನೆ ಹಿಡಿದಿರಲಿಕ್ಕೆ.

ಕಚ್ಚಿದರೆ ಅಥವಾ ಪರಚಿದರೆ ಓಟ ಅಲ್ಲಿಗೆ ಮುಗಿಯಿತು. ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಓಮ್ನಿಯಲ್ಲಿ ಒಂದು ಕ್ಯಾನ್ ನೀರು, ಸಾಬೂನು ಇದಕ್ಕೆಂದೇ ಇರುತ್ತದೆ. ಅರಿಶಿನ, ಸುಣ್ಣ ಏನೂ ಹಚ್ಚಬೇಡಿ. ಆಮೇಲೆ ನೇರ ಆಸ್ಪತ್ರೆಗೆ, ಅವತ್ತೇ ಮೊದಲ ಚುಚ್ಚುಮದ್ದು. ಮುಂದಿನವು ಮೂರನೇ, ಏಳನೇ ದಿನ, ಆಮೇಲೆ ಡಾಕ್ಟರು ಹೇಳಿದ ದಿನಗಳಲ್ಲಿ. ರಕ್ತ ಬಂದಿದ್ದರೆ ರೇಬೀಸ್ ತಡೆಯುವ ಇನ್ನೊಂದು ಮದ್ದು, ಇಮ್ಯುನೊಗ್ಲಾಬ್ಯುಲಿನ್, ಕೂಡ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ. "ಸಣ್ಣ ಗೀರು, ನಾಳೆ ನೋಡುವ" ಎಂದು ಅಂಗಡಿಗೆ ಬರುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಹೊಟ್ಟೆಗೆ

ಜೆಲ್, ಬಾರ್ ಮಾರುವವಳೇ ನಾನು. ಆದರೂ ಹೇಳುತ್ತೇನೆ, ಈ ಓಟಕ್ಕೆ ಅವು ಬೇಕೆಂದೇನಿಲ್ಲ. ರಾತ್ರಿ ಎರಡರ ಮೇಲೆ ಸಿಹಿ ಅಂಟು ಪದಾರ್ಥ ಗಂಟಲಿನಲ್ಲಿ ಇಳಿಯುವುದೇ ಇಲ್ಲ. ನಮ್ಮ ಓಮ್ನಿಯಲ್ಲಿ ಏಲಕ್ಕಿ ಬಾಳೆಹಣ್ಣು, ಬೆಲ್ಲ ಹಾಕಿದ ಅವಲಕ್ಕಿ, ಬೇಯಿಸಿದ ಗೆಣಸು, ಫ್ಲಾಸ್ಕಿನಲ್ಲಿ ನೀರಾದ ಗಂಜಿ, ಜೊತೆಗೆ ಮಾವಿನ ಮಿಡಿ. ಬೆವರಿನಲ್ಲಿ ಉಪ್ಪು ಹೋದ ಮೇಲೆ ಆ ಒಂದು ಮಿಡಿಯ ರುಚಿ ಹೇಳಿ ಪ್ರಯೋಜನವಿಲ್ಲ. ಹಿಂದಿನ ಸಂಜೆ ಗೋಳಿಬಜೆ, ಮೀನು ಫ್ರೈ ಬೇಡ. ಎಣ್ಣೆಯದ್ದು ಹೊಟ್ಟೆಯಲ್ಲಿ ಕೂತು ರಾತ್ರಿಯೆಲ್ಲ ಮಾತಾಡುತ್ತದೆ.

ಮುಕ್ಕಾಲು ಗಂಟೆಗೊಮ್ಮೆ ಸ್ವಲ್ಪ ತಿನ್ನಿ, ಹಸಿವಾಗುವವರೆಗೆ ಕಾಯಬೇಡಿ. ನೀರು ಗಂಟೆಗೆ ಅರ್ಧ ಲೀಟರಿನ ಹತ್ತಿರ, ಬಾಯಾರಿಕೆ ನೋಡಿಕೊಂಡು. ಬರೇ ನೀರನ್ನೇ ಜಾಸ್ತಿ ಕುಡಿದರೆ ರಕ್ತದ ಉಪ್ಪಿನ ಅಂಶ ಇಳಿದು ತಲೆಸುತ್ತು, ವಾಂತಿ, ಗಲಿಬಿಲಿ ಆಗಬಹುದು. ಅದಕ್ಕೆ ಓಆರ್‌ಎಸ್. ಪ್ಯಾಕೆಟಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಇರುವ ಪುಡಿಯನ್ನೇ ಕೇಳಿ. ದೊಡ್ಡ ಪ್ಯಾಕೆಟ್ ಒಂದು ಲೀಟರ್ ನೀರಿಗೆ. ಅರ್ಧ ಲೀಟರ್ ಬಾಟಲಿಗೆ ಇಡೀ ಪ್ಯಾಕೆಟ್ ಸುರಿದು, ಗಟ್ಟಿ ಆದರೆ ಶಕ್ತಿ ಜಾಸ್ತಿ ಎನ್ನುವವರಿದ್ದಾರೆ. ಹಾಗೆ ಮಾಡಿದರೆ ಹೊಟ್ಟೆ ಕೆಡುತ್ತದೆ, ಅಷ್ಟೆ.

ನೋವಿನ ಮಾತ್ರೆ ಓಟದ ನಡುವೆ ಬೇಡ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಎಲ್ಲ ಬೆವರಿ ನೀರು ಕಳೆದುಕೊಂಡ ದೇಹದಲ್ಲಿ ಕಿಡ್ನಿಗೆ ಭಾರ. ಮಾತ್ರೆ ಬೇಕಾಗುವಷ್ಟು ನೋವಿದ್ದರೆ ಓಮ್ನಿ ಹತ್ತಿ. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಇರುವವರು ಮೊದಲು ತಮ್ಮ ಡಾಕ್ಟರನ್ನು ಕೇಳಲಿ.

ಚಾ, ಕಾಫಿಯನ್ನು ಮೊದಲೇ ಕುಡಿದು ಮುಗಿಸಬೇಡಿ. ಮಧ್ಯಾಹ್ನ ಮೂರು ಗಂಟೆಯಾದರೂ ಮಲಗಿ, ಸಂಜೆಯ ಚಾ ಬಿಡಿ, ಮೊದಲ ಕಾಫಿ ರಾತ್ರಿ ಎರಡಕ್ಕೆ. ಮೂರರಿಂದ ಐದರ ನಡುವೆ ದೇಹ ಹೇಗಾದರೂ ನಿದ್ದೆ ಕೇಳುತ್ತದೆ, ಮನಸ್ಸು ಸಣ್ಣದಾಗುತ್ತದೆ. ಆ ಹೊತ್ತಿನಲ್ಲಿ ಯಾರು ಏನು ಸಿಡುಕಿದರೂ ಮನಸ್ಸಿಗೆ ಹಾಕಿಕೊಳ್ಳಬೇಡಿ. ನವೆಂಬರಿನಿಂದ ಮೇವರೆಗೆ ಕರಾವಳಿಯಲ್ಲಿ ಎಲ್ಲಾದರೂ ಯಕ್ಷಗಾನ, ದೈವಗಳ ನೇಮ ಇದ್ದೇ ಇರುತ್ತದೆ. ದಾರಿಯಲ್ಲಿ ಬಯಲಾಟ ಸಿಕ್ಕಿದರೆ ಅದಕ್ಕಿಂತ ಒಳ್ಳೆಯ ನಿಲ್ದಾಣ ಇಲ್ಲ. ಬಿಸಿ ಚಾ, ಚರುಮುರಿ, ಎಚ್ಚರವಿರುವ ಜನ. ಒಂದೇ ತೊಂದರೆ, ಬ್ಯಾಂಕಿನವ ಚೆಂಡೆ ಕೇಳಿದರೆ ಅಲ್ಲಿಂದ ಏಳುವುದಿಲ್ಲ.

ನಿಂತಾಗ ಚಳಿ ಹಿಡಿಯುತ್ತದೆ. ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ನೆಲದಿಂದ ಕಡಲಿಗೆ ಬೀಸುತ್ತದೆ, ಬೆವರಿದ ಮೈಗೆ ಬಲಬದಿಯಿಂದ ಬಡಿಯುತ್ತದೆ. ಪ್ರತಿಯೊಬ್ಬರಿಗೂ ಒಂದು ಒಣ ಟೀ ಶರ್ಟ್, ತೆಳು ಜಾಕೆಟ್ ಓಮ್ನಿಯಲ್ಲಿ ಇರಲಿ. ನಿಲ್ಲುವುದು ಹತ್ತು ನಿಮಿಷ ಮಾತ್ರ. ಮಲ್ಪೆಯಲ್ಲಿ ಇಪ್ಪತ್ತು.

ಮಲ್ಪೆ ದಾಟುವಾಗ

ಬಂದರಿನ ಹತ್ತಿರ ಓಡಬೇಡಿ, ನಡೆಯಿರಿ. ಬೆಳಗಿನ ಜಾವ ಅಲ್ಲಿ ಮೀನಿನ ಲಾರಿ, ಐಸ್ ಗಾಡಿ, ಬುಟ್ಟಿ ಹೊತ್ತವರು. ನಮ್ಮ ಓಟ ಅವರ ಕೆಲಸಕ್ಕೆ ಅಡ್ಡ ಬರಬಾರದು. ರಸ್ತೆಯ ಮೇಲೆ ಮೀನಿನ ನೀರು ಸುರಿದು ಜಾರುತ್ತದೆ. ಶೂ ಅಡಿಯಲ್ಲಿ ಮರಳು ಅಂಟಿದ್ದರೆ ಇನ್ನೂ ಜಾರುತ್ತದೆ. ಓಟ ಬಿಡುವವರು ಇಲ್ಲೇ ಬಿಡಲಿ. ಉಡುಪಿಗೆ ಹತ್ತಿರ, ಬೆಳಿಗ್ಗೆ ಬಸ್ಸು ಸಿಗುತ್ತದೆ. ಮುಂದೆ ಬೆಂಗ್ರೆಯ ಕಡೆಗೆ ಹೋದರೆ ಓಮ್ನಿಯೇ ಗತಿ. "ಇನ್ನು ಸ್ವಲ್ಪವೇ ಅಲ್ವಾ, ಬಾ" ಎಂದು ಯಾರನ್ನೂ ಒತ್ತಾಯ ಮಾಡಬೇಡಿ. ಹನ್ನೆರಡು, ಹದಿಮೂರು ಕಿಲೋಮೀಟರ್ ಸ್ವಲ್ಪ ಅಲ್ಲ.

ಮುಗಿದ ಮೇಲೆ ಬೆಂಗ್ರೆಯ ತುದಿಯಲ್ಲಿ ಕಡಲಿಗೆ ಹಾರುವ ಆಸೆ ಎಲ್ಲರಿಗೂ ಬರುತ್ತದೆ. ಅದು ಅಳಿವೆ, ಸೆಳೆತ ಜಾಸ್ತಿ, ಕಾಲಿನಲ್ಲಿ ಶಕ್ತಿ ಇಲ್ಲ. ಕಣಕಾಲು ಮುಳುಗುವಷ್ಟು ನೀರಿನಲ್ಲಿ ನಿಂತು ತೃಪ್ತಿ ಪಡಿ. ಬೊಂಡ, ಅಂದರೆ ಎಳನೀರು, ಸಿಕ್ಕಿದರೆ ಕುಡಿಯಿರಿ.

ವಾಪಸ್ ಬರುವಾಗ ಓಡಿದವರು ಯಾರೂ ಗಾಡಿ ಬಿಡಬಾರದು, ಸ್ಕೂಟರ್ ಕೂಡ. ಅದಕ್ಕೇ ಗಾಡಿ ಕಾಪುವಿನಲ್ಲಿ ಇಟ್ಟು ಬರುವ ವ್ಯವಸ್ಥೆ ನಮಗೆ ಇಷ್ಟವಿಲ್ಲ. ಭಾವ ರಾತ್ರಿ ನಿಂತಲ್ಲೆಲ್ಲ ಅರ್ಧ ಗಂಟೆ ಮಲಗಿರುತ್ತಾರೆ. ಹೊರಡುವ ಮೊದಲು ಬೆಂಗ್ರೆಯಲ್ಲೂ ಒಂದು ಗಂಟೆ ಮಲಗುತ್ತಾರೆ, ಆಮೇಲೆಯೇ ಕೀ ಕೈಗೆ. ಅವರ ಸಂಬಳ ದಾರಿಯಲ್ಲಿ ನೀರುದೋಸೆ, ಬನ್ಸ್, ಎಷ್ಟು ಬೇಕೋ ಅಷ್ಟು. ಮನೆಗೆ ಹೋದವರು ಮಲಗುವ ಮೊದಲು ಶೂ ಸಿಹಿನೀರಿನಲ್ಲಿ ಅದ್ದಿ ನೆರಳಿನಲ್ಲಿ ಇಡಿ. ಉಪ್ಪು ಒಣಗಿದರೆ ಮುಂದಿನ ಸಲಕ್ಕೆ ಆ ಶೂ ಇರುವುದಿಲ್ಲ. ಹೆಡ್‌ಲ್ಯಾಂಪಿನ ಬ್ಯಾಟರಿ ಕೂಡ ತೆಗೆದಿಡಿ.